ಕೇಸ್ ಒಪ್ಪಿಸಿದ ಮೇಲೆ ಏನಾಯಿತು? ಪ್ಯಾರಾಮೆಡಿಕ್‌ಗಳ ಕಲಿಕೆಯ ಬಗ್ಗೆ ಕೆಲವು ಮಾತು

(ಪ್ಯಾರಾಮೆಡಿಕ್‌ಗಳ, ಅಂದರೆ ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವವರ, ಕಲಿಕಾ ದಿನದಂದು ಆಡಿದ ಮಾತುಗಳ ಬರಹ ರೂಪ)

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಆಂಬುಲೆನ್ಸ್‌ನಲ್ಲಿ ಹತ್ತು ವರ್ಷ ಕೆಲಸ ಮಾಡಿದವರಿಗೆ ಐದು ವರ್ಷ ಮಾಡಿದವರಿಗಿಂತ ಎರಡು ಪಟ್ಟು ಜಾಸ್ತಿ ಗೊತ್ತಿರುತ್ತದಾ?

ಕೆಲವು ವಿಷಯಗಳಲ್ಲಿ ಹೌದು. ಕಿರಿದಾದ ಮೆಟ್ಟಿಲಿನಲ್ಲಿ ಸ್ಟ್ರೆಚರ್ ಇಳಿಸುವುದು, ಗಾಬರಿಯಾದ ಮನೆಯವರ ಜೊತೆ ಮಾತಾಡುವುದು, ಕೂಗಾಡುವ ಗುಂಪಿನ ನಡುವೆ ಜಾಗ ಮಾಡಿಕೊಳ್ಳುವುದು, ಇವೆಲ್ಲ ವರ್ಷ ಕಳೆದಂತೆ ಕೈಗೆ ಬರುತ್ತವೆ. ಯಾಕೆಂದರೆ ಅಲ್ಲಿ ಮಾಡಿದ್ದು ಸರಿಯೋ ತಪ್ಪೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಸ್ಟ್ರೆಚರ್ ತಿರುವಿನಲ್ಲಿ ಸಿಕ್ಕಿಕೊಂಡರೆ ಕಣ್ಣಿಗೇ ಕಾಣುತ್ತದೆ. ಮುಂದಿನ ಸಲ ಬೇರೆ ಕಡೆಯಿಂದ ಹಿಡಿಯುತ್ತೀರಿ.

ಕಾಯಿಲೆ ಗುರುತಿಸುವ ವಿಷಯಕ್ಕೆ ಬಂದರೆ ಹಾಗಲ್ಲ. ನಮ್ಮ ಕೈಯಲ್ಲಿ ಪೇಷಂಟ್ ಇರುವುದು ಅರ್ಧ ಗಂಟೆಯೋ ಒಂದು ಗಂಟೆಯೋ. ಆಸ್ಪತ್ರೆಯ ಬಾಗಿಲಲ್ಲಿ ಒಪ್ಪಿಸುತ್ತೇವೆ, ಸಹಿ ಮಾಡಿಸುತ್ತೇವೆ, ಗಾಡಿ ತೊಳೆಯುತ್ತೇವೆ, ಮುಂದಿನ ಕರೆಗೆ ಹೊರಡುತ್ತೇವೆ. ನಾವು ಅಂದುಕೊಂಡದ್ದು ನಿಜವಾಗಿತ್ತಾ? ಗೊತ್ತಾಗುವುದಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ನಮ್ಮ ಕೆಲಸದ ಸ್ವರೂಪವೇ ನಿರ್ಧಾರವನ್ನೂ ಅದರ ಫಲವನ್ನೂ ಬೇರೆ ಮಾಡಿಬಿಡುತ್ತದೆ. ಹಾಗಾಗಿ ಬರೀ ಅನುಭವ ನಮಗೆ ಧೈರ್ಯ ಕೊಡುತ್ತದೆ, ಆದರೆ ಆ ಧೈರ್ಯಕ್ಕೆ ಆಧಾರ ಇದೆಯಾ ಅನ್ನುವುದನ್ನು ಹೇಳುವುದಿಲ್ಲ. ಆ ಉತ್ತರವನ್ನು ನಾವೇ ಹುಡುಕಿ ತರಬೇಕು.

ಒಂದು ಉದಾಹರಣೆ ನೋಡೋಣ. ಒಬ್ಬರಿಗೆ ಇದ್ದಕ್ಕಿದ್ದಂತೆ ತಲೆಸುತ್ತು, ವಾಂತಿ. ತಂಡ ಹೋಗುತ್ತದೆ. ಮುಖ ವಾಲಿಲ್ಲ, ಎರಡು ಕೈಗಳೂ ಸಮವಾಗಿ ಏಳುತ್ತವೆ, ಮಾತು ಸರಿಯಾಗಿದೆ. ಸ್ಟ್ರೋಕ್ ಗುರುತಿಸಲು ಈ ಮೂರನ್ನು ನೋಡುವ ಫಾಸ್ಟ್ ಪರೀಕ್ಷೆಯಲ್ಲಿ ಏನೂ ಇಲ್ಲ. ಶುಗರ್ ಸರಿ, ಬಿಪಿ ಸ್ವಲ್ಪ ಜಾಸ್ತಿ. 'ಕಿವಿಯ ಸಮಸ್ಯೆ ಇರಬೇಕು' ಅಂತ ಬರೆದು ಒಪ್ಪಿಸುತ್ತಾರೆ. ಮಾರನೇ ದಿನ ಸ್ಕ್ಯಾನ್‌ನಲ್ಲಿ ಕಿರುಮೆದುಳಿನ ಸ್ಟ್ರೋಕ್ ಅಂತ ಗೊತ್ತಾಗುತ್ತದೆ. ಗೊತ್ತಾಗುವುದು ಆಸ್ಪತ್ರೆಯವರಿಗೆ. ಆ ತಂಡಕ್ಕೆ ಯಾರೂ ಹೇಳುವುದಿಲ್ಲ.

ಈಗ ಆ ತಂಡ ಕಲಿತದ್ದೇನು? ಏನೂ ಕಲಿಯಲಿಲ್ಲ ಅಂದರೆ ಪರವಾಗಿರಲಿಲ್ಲ. ತಪ್ಪು ಪಾಠ ಕಲಿಯಿತು. ತಲೆಸುತ್ತು, ವಾಂತಿ, ಫಾಸ್ಟ್ ಸರಿ ಇದೆ, ಅಂದರೆ ಚಿಂತೆ ಇಲ್ಲ ಅನ್ನುವ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಇಂಥ ಕೇಸ್ ಮತ್ತೆ ಬಂದರೆ ಇನ್ನೂ ಬೇಗ ಅದೇ ತೀರ್ಮಾನಕ್ಕೆ ಬರುತ್ತಾರೆ. ಹತ್ತು ವರ್ಷ ಆದ ಮೇಲೆ ಹೊಸಬರಿಗೆ ಅದನ್ನೇ ಹೇಳಿಕೊಡುತ್ತಾರೆ.

ಫಾಸ್ಟ್ ಒಳ್ಳೆಯ ಸಾಧನ. 1998ರಲ್ಲಿ ಬ್ರಿಟನ್‌ನಲ್ಲಿ ಸ್ಟ್ರೋಕ್ ವೈದ್ಯರು, ಆಂಬುಲೆನ್ಸ್ ಸಿಬ್ಬಂದಿ ಜೊತೆ ಕೂತು ರೂಪಿಸಿದ್ದು ಅದು. ಆದರೆ ಅದು ನೋಡುವುದು ಮುಖ, ಕೈ, ಮಾತು. ಮೆದುಳಿನ ಹಿಂಭಾಗಕ್ಕೆ ಹೋಗುವ ರಕ್ತನಾಳದಲ್ಲಿ ತಡೆ ಬಂದರೆ ಈ ಮೂರೂ ಸರಿಯಾಗಿಯೇ ಇರಬಹುದು. ಅಂಥ ಪೇಷಂಟನ್ನು ಆಧಾರವಿಲ್ಲದೆ ಕೂರಿಸಿ ನೋಡಬೇಕು. ಕೂರಲಾಗುತ್ತದಾ? ಕೈ ಹಿಡಿದು ನಿಲ್ಲಿಸಿದರೆ ಒಂದೇ ಕಡೆ ವಾಲುತ್ತಾರಾ? ಬೆರಳಿಂದ ಮೂಗು ಮುಟ್ಟುವಾಗ ಗುರಿ ತಪ್ಪುತ್ತದಾ? ಕಣ್ಣುಗುಡ್ಡೆ ಅದುರುತ್ತಿದೆಯಾ, ಒಂದು ವಸ್ತು ಎರಡಾಗಿ ಕಾಣುತ್ತಿದೆಯಾ? ಇದಕ್ಕೆಲ್ಲ ಎರಡು ನಿಮಿಷ ಸಾಕು. ಇದನ್ನು ಯಾವ ಪುಸ್ತಕದಲ್ಲಾದರೂ ಓದಬಹುದು. ಆದರೆ ಆ ತಂಡಕ್ಕೆ 'ನೀವು ತಂದವರಿಗೆ ಸ್ಟ್ರೋಕ್ ಆಗಿತ್ತು' ಅಂತ ಒಂದು ಸಾಲು ತಲುಪಿದ್ದರೆ, ಅವರು ಅದನ್ನು ಓದುತ್ತಿದ್ದ ರೀತಿಯೇ ಬೇರೆ ಇರುತ್ತಿತ್ತು, ಅಲ್ವಾ?

ಇನ್ನೊಂದು ಕಡೆ ನೋಡಿ. ಉತ್ತರ ಕೂಡಲೇ ಸಿಕ್ಕರೆ ಏನಾಗುತ್ತದೆ? ಉಸಿರಾಟದ ಟ್ಯೂಬ್ ಹಾಕುವ ವಿಷಯವನ್ನೇ ತೆಗೆದುಕೊಳ್ಳಿ. ಟ್ಯೂಬ್ ಶ್ವಾಸನಾಳದ ಬದಲು ಅನ್ನನಾಳಕ್ಕೆ ಹೋದರೆ, ಅದು ಗೊತ್ತಾಗದಿದ್ದರೆ, ಪೇಷಂಟ್ ಉಳಿಯುವುದಿಲ್ಲ. ಅಮೆರಿಕದ ಒರ್ಲ್ಯಾಂಡೊ ಪ್ರದೇಶದಲ್ಲಿ ನಡೆದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಕ್ಯಾಪ್ನೋಗ್ರಫಿ, ಅಂದರೆ ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಗೆರೆಯಾಗಿ ತೋರಿಸುವ ಸಾಧನ, ಸತತವಾಗಿ ಹಾಕಿದ್ದ ಪೇಷಂಟ್‌ಗಳಲ್ಲಿ ಗೊತ್ತಾಗದೆ ತಪ್ಪು ಜಾಗದಲ್ಲಿ ಉಳಿದ ಟ್ಯೂಬ್ ಒಂದೂ ಇರಲಿಲ್ಲ. ಹಾಕದಿದ್ದವರಲ್ಲಿ ಶೇಕಡಾ 23ರಷ್ಟು ಇತ್ತು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು. ಆ ಟ್ಯೂಬ್ ಹಾಕಿದವರು ಅದು ಸರಿಯಾದ ಜಾಗದಲ್ಲಿದೆ ಅಂತ ನಂಬಿದ್ದರು. ಅವರಿಗೆ ಬೇಕಾಗಿದ್ದದ್ದು ಪ್ರತಿ ಉಸಿರಿಗೂ ಉತ್ತರ ಕೊಡುವ ಒಂದು ಗೆರೆ.

ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತುವುದು, ಅದೂ ಹಾಗೇ. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ, ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಬೇಕು. ಇದು ಇಲ್ಲಿರುವ ಎಲ್ಲರಿಗೂ ಬಾಯಿಪಾಠ. ಆದರೆ ಮೂರನೇ ನಿಮಿಷದಲ್ಲಿ ನೀವು ಎಷ್ಟು ಆಳ ಒತ್ತುತ್ತಿದ್ದೀರಿ ಅಂತ ನಿಮ್ಮ ತೋಳು ಹೇಳುವುದಿಲ್ಲ. ಸುಸ್ತಾದವರಿಗೆ ತಾವು ಸುಸ್ತಾಗಿದ್ದು ತಡವಾಗಿ ಗೊತ್ತಾಗುತ್ತದೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಬದಲಾಯಿಸಿ ಅನ್ನುವುದು. ಹೃದಯಕ್ಕೆ ಶಾಕ್ ಕೊಡುವ ಈಗಿನ ಎಷ್ಟೋ ಡಿಫಿಬ್ರಿಲೇಟರ್‌ಗಳು ಆಳ, ವೇಗ, ನಡುವೆ ಕೈಬಿಟ್ಟ ಹೊತ್ತು ಎಲ್ಲವನ್ನೂ ದಾಖಲು ಮಾಡುತ್ತವೆ. ಆ ದಾಖಲೆಯನ್ನು ಎಷ್ಟು ತಂಡಗಳು ತೆಗೆದು ನೋಡುತ್ತವೆ? ನಿಮ್ಮಲ್ಲಿ ಆ ಸೌಲಭ್ಯ ಇದ್ದರೆ ದಯವಿಟ್ಟು ಬಳಸಿ. ಶಾಕ್ ಕೊಡುವ ಮುಂಚೆ, ಕೊಟ್ಟ ಮೇಲೆ ಒತ್ತುವುದನ್ನು ಎಷ್ಟು ಸೆಕೆಂಡ್ ನಿಲ್ಲಿಸಿದಿರಿ ಅನ್ನುವ ಒಂದೇ ಸಂಖ್ಯೆಯನ್ನು ನೋಡಿದರೂ ಸಾಕು, ಮುಂದಿನ ಕೇಸ್‌ನಲ್ಲಿ ಕೈ ತಾನೇ ಚುರುಕಾಗುತ್ತದೆ.

ಹಾಗಾದರೆ ಆಸ್ಪತ್ರೆಯಿಂದ ಉತ್ತರ ತರುವುದು ಹೇಗೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಮೊದಲು ಮಾಡಬೇಕಾದ್ದು ಆಸ್ಪತ್ರೆಗೆ ತಲುಪುವ ಮುಂಚೆಯೇ ಇದೆ. ನಿಮ್ಮ ಊಹೆಯನ್ನು ಬರೆದಿಡಿ. 'ಹೊಟ್ಟೆನೋವು' ಅಂತ ಬರೆದರೆ ಅದು ದೂರು, ಊಹೆ ಅಲ್ಲ. 'ಅಪೆಂಡಿಕ್ಸ್ ಇರಬಹುದು, ನೂರಕ್ಕೆ ಅರವತ್ತು ಖಾತ್ರಿ. ಅದಲ್ಲದಿದ್ದರೆ ಮೂತ್ರನಾಳದ ಕಲ್ಲು' ಅಂತ ಬರೆಯಿರಿ. ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ, ಫಲ ಗೊತ್ತಾದ ಮೇಲೆ ನಮ್ಮ ನೆನಪು ಬದಲಾಗುತ್ತದೆ. 'ನನಗೆ ಮೊದಲೇ ಅನುಮಾನ ಇತ್ತು' ಅನ್ನಿಸುತ್ತದೆ. ಸುಳ್ಳು ಹೇಳುತ್ತಿದ್ದೇವೆ ಅಂತಲ್ಲ, ಮನಸ್ಸು ಕೆಲಸ ಮಾಡುವುದೇ ಹಾಗೆ. ಬರೆದಿಟ್ಟ ಸಾಲು ಮಾತ್ರ ಬದಲಾಗುವುದಿಲ್ಲ.

ಆಮೇಲೆ ಕೇಳಿ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಬ್ಬರು ವೈದ್ಯರನ್ನೋ ಹಿರಿಯ ನರ್ಸನ್ನೋ ಗೊತ್ತುಮಾಡಿಕೊಂಡು, ಅಧಿಕೃತವಾಗಿ ಒಂದು ದಾರಿ ಮಾಡಿಕೊಳ್ಳಿ. ಪೇಷಂಟ್‌ನ ಗೋಪ್ಯತೆಯ ನಿಯಮ ಅಡ್ಡ ಬರುತ್ತದೆ ಅನ್ನುವುದು ನಿಜ. ಆ ನಿಯಮ ಇರಬೇಕಾದದ್ದೇ. ಹಾಗಾಗಿ ಕಾರಿಡಾರಿನಲ್ಲಿ ನಿಂತು ಗುಸುಗುಸು ಕೇಳುವುದು ಬೇಡ, ಫೋನಿನಲ್ಲಿ ಸ್ಕ್ಯಾನ್ ಫೋಟೋ ಹಂಚಿಕೊಳ್ಳುವುದಂತೂ ಬೇಡವೇ ಬೇಡ. ನಿಮ್ಮ ಸಂಸ್ಥೆಯೂ ಆಸ್ಪತ್ರೆಯೂ ಬರವಣಿಗೆಯಲ್ಲಿ ಒಪ್ಪಿಕೊಂಡ ಕ್ರಮ ಇರಲಿ. ಕೇಸ್ ಸಂಖ್ಯೆ ಕೊಟ್ಟರೆ ಮೂರು ವಿಷಯ ವಾಪಸ್ ಬರಲಿ: ಕೊನೆಗೆ ಗೊತ್ತಾದ ಕಾಯಿಲೆ ಏನು, ಮೊದಲ ಒಂದೆರಡು ಗಂಟೆಯಲ್ಲಿ ಏನು ಮಾಡಿದರು, ನಾವು ಹೊರಗೆ ಮಾಡಿದ್ದರಲ್ಲಿ ಯಾವುದು ಉಪಯೋಗಕ್ಕೆ ಬಂತು ಅಥವಾ ಬರಲಿಲ್ಲ. ಹೆಸರು, ವಿಳಾಸ ಯಾವುದೂ ಬೇಕಿಲ್ಲ.

ಎಲ್ಲ ಕೇಸ್‌ಗೂ ಹೀಗೆ ಮಾಡಲು ಆಗುವುದಿಲ್ಲ. ತಿಂಗಳಿಗೆ ನಾಲ್ಕೈದು ಸಾಕು. ಆದರೆ ಆಯ್ಕೆಯಲ್ಲಿ ಒಂದು ಎಚ್ಚರ ಬೇಕು. ನಾಟಕೀಯ ಕೇಸ್‌ಗಳನ್ನೇ ಹಿಂಬಾಲಿಸಬೇಡಿ. ದೊಡ್ಡ ಅಪಘಾತದ ಪೇಷಂಟ್ ಏನಾದರು ಅಂತ ಹೇಗೂ ಸುದ್ದಿ ಬರುತ್ತದೆ. ನಿಮಗೆ ಯಾವ ಅನುಮಾನವೂ ಇಲ್ಲದೆ ಆರಾಮಾಗಿ ಒಪ್ಪಿಸಿ ಬಂದಿರಲ್ಲ, ಅಂಥದ್ದರಲ್ಲಿ ಒಂದೆರಡನ್ನು ಸುಮ್ನೆ ಚೀಟಿ ಎತ್ತಿದ ಹಾಗೆ ಆರಿಸಿ ಕೇಳಿ. ತಲೆಸುತ್ತಿನ ಕೇಸ್ ಅಡಗಿರುವುದು ಅಲ್ಲೇ. ಮನೆಯಲ್ಲೇ ಬಿಟ್ಟು ಬಂದ ಪೇಷಂಟ್‌ಗಳೂ ಈ ಪಟ್ಟಿಯಲ್ಲಿ ಇರಬೇಕು. ನನ್ನ ಪ್ರಕಾರ ಅವರೇ ಎಲ್ಲರಿಗಿಂತ ಮುಖ್ಯ. ಅವರ ವಿಷಯದಲ್ಲಿ ನಮ್ಮ ನಿರ್ಧಾರವೇ ಆ ಹೊತ್ತಿನ ಕೊನೆಯ ನಿರ್ಧಾರ ಆಗಿರುತ್ತದೆ.

ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಇದು ಹೊಸ ವಿಚಾರ ಅಂತ ಯಾರೂ ಅಂದುಕೊಳ್ಳಬಾರದು. 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಫ್ರೀಡಂ ಹೌಸ್ ಅನ್ನುವ ಆಂಬುಲೆನ್ಸ್ ಸೇವೆ ಶುರುವಾಯಿತು. ಕೆಲಸ ಸಿಗದೆ ಕೂತಿದ್ದ ಕಪ್ಪು ಸಮುದಾಯದ ಜನರನ್ನು ಸೇರಿಸಿಕೊಂಡು, ಡಾ. ಪೀಟರ್ ಸಫರ್ ಆ ಜನರಿಗಾಗಿ ಸುಮಾರು 300 ಗಂಟೆಗಳ ತರಬೇತಿ ರೂಪಿಸಿದರು. ಆ ಕಾಲಕ್ಕೆ ಅದು ಊಹೆಗೂ ಮೀರಿದ ಮಟ್ಟ. ಎಷ್ಟೋ ಊರುಗಳಲ್ಲಿ ಆಂಬುಲೆನ್ಸ್ ಅಂದರೆ ಮಲಗಿಸಿ ಕರೆದುಕೊಂಡು ಹೋಗುವ ಗಾಡಿ, ಅಷ್ಟೆ. 1970ರ ದಶಕದ ನಡುವೆ ಡಾ. ನ್ಯಾನ್ಸಿ ಕ್ಯಾರೊಲಿನ್ ಅಲ್ಲಿನ ವೈದ್ಯಕೀಯ ನಿರ್ದೇಶಕಿಯಾದರು. ಅವರು ಆಸ್ಪತ್ರೆಯಲ್ಲೇ ಕೂತು ಆಜ್ಞೆ ಮಾಡಲಿಲ್ಲ. ತಂಡದ ಜೊತೆ ಗಾಡಿಯಲ್ಲಿ ಹೋದರು, ಕೆಲಸವನ್ನು ಕಣ್ಣಾರೆ ಕಂಡು ತಿದ್ದಿದರು. ಅವರು ಬರೆದ ಪಾಠಕ್ರಮವೇ ಮುಂದೆ ಅಮೆರಿಕದಲ್ಲಿ ಪ್ಯಾರಾಮೆಡಿಕ್ ತರಬೇತಿಗೆ ಬುನಾದಿಯಾಯಿತು. ಫ್ರೀಡಂ ಹೌಸ್ 1975ರಲ್ಲಿ ಮುಚ್ಚಿತು. ಅದು ಬೇರೆಯೇ ನೋವಿನ ಕಥೆ. ನಮ್ಮ ವೃತ್ತಿ ಹುಟ್ಟಿದ್ದೇ ಜೊತೆಗಿದ್ದು, ನೋಡಿ, ತಿದ್ದುವ ಪದ್ಧತಿಯಲ್ಲಿ ಅನ್ನುವುದನ್ನು ನೆನಪಿಸಬೇಕಿತ್ತು.

ಮತ್ತೆ ವಿಷಯಕ್ಕೆ ಬರೋಣ. ಇಲ್ಲಿಯವರೆಗೆ ಉತ್ತರ ಸಿಗದ ತೊಂದರೆ ಹೇಳಿದೆ. ಅದಕ್ಕಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದಿದೆ. ಕೆಲವು ಸಲ ಗಾಡಿಯೊಳಗೆ ಉತ್ತರ ಕಾಣುತ್ತದೆ, ಆದರೆ ಅದು ಅರ್ಧ ಉತ್ತರ.

ಹಿಂದೆ ಗಾಯಾಳುಗಳಿಗೆ ಗಾಳಿ ತುಂಬುವ ಪ್ಯಾಂಟ್ ತೊಡಿಸುತ್ತಿದ್ದರು, ಮಾಸ್ಟ್ ಅಂತ. ಕಾಲು, ಹೊಟ್ಟೆ ಒತ್ತಿದಾಗ ಬಿಪಿ ಏರುತ್ತಿತ್ತು. ಕಣ್ಣೆದುರೇ ಮುಳ್ಳು ಮೇಲೆ ಹೋಗುತ್ತಿತ್ತು. ಯಾರಿಗೆ ಅನುಮಾನ ಬರುತ್ತದೆ? 1980ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಸರಿಯಾಗಿ ಹೋಲಿಸಿ ನೋಡಿದಾಗ ಅದರಿಂದ ಹೆಚ್ಚು ಜನ ಬದುಕುತ್ತಿಲ್ಲ ಅನ್ನುವುದು ಗೊತ್ತಾಯಿತು. ಅದೇ ಊರಿನಲ್ಲಿ ಇನ್ನೊಂದು ಅಧ್ಯಯನ, 1994ರಲ್ಲಿ ಪ್ರಕಟವಾದದ್ದು. ಗುಂಡೇಟು, ಚೂರಿ ಇರಿತದಿಂದ ಎದೆ ಹೊಟ್ಟೆಗೆ ಗಾಯವಾಗಿ ಬಿಪಿ ಕುಸಿದಿದ್ದ 598 ಜನ. ಅರ್ಧದಷ್ಟು ಜನಕ್ಕೆ ದಾರಿಯಲ್ಲೇ ಡ್ರಿಪ್ ಶುರು ಮಾಡಿದರು, ಉಳಿದವರಿಗೆ ಆಪರೇಷನ್ ಥಿಯೇಟರ್ ತಲುಪುವವರೆಗೆ ತಡೆದರು. ಕೂಡಲೇ ಕೊಟ್ಟವರಲ್ಲಿ ಶೇಕಡಾ 62 ಬದುಕಿದರು, ತಡೆದವರಲ್ಲಿ ಶೇಕಡಾ 70. ಡ್ರಿಪ್ ಕೊಟ್ಟ ತಂಡಕ್ಕೆ ಗಾಡಿಯಲ್ಲಿ ಕಂಡದ್ದೇನು? ಬಿಪಿ ಸುಧಾರಿಸಿದ್ದು. ಆದರೆ ಒತ್ತಡ ಏರಿದಾಗ ಕಟ್ಟಿಕೊಂಡಿದ್ದ ಹೆಪ್ಪು ಕಿತ್ತುಹೋಗಬಹುದು, ತುಂಬಿಸಿದ ನೀರು ಉಳಿದ ರಕ್ತವನ್ನು ತೆಳುಮಾಡಬಹುದು. ಅದು ಗಾಡಿಯಿಂದ ಕಾಣುವುದಿಲ್ಲ.

ಅಡ್ರಿನಾಲಿನ್ ವಿಷಯ ಇದಕ್ಕಿಂತ ಮನಸ್ಸಿಗೆ ತಟ್ಟುತ್ತದೆ. ಹೃದಯ ನಿಂತವರಿಗೆ ನಾವು ದಶಕಗಳಿಂದ ಕೊಡುತ್ತಾ ಬಂದಿದ್ದೇವೆ. ಬ್ರಿಟನ್‌ನ ಐದು ಆಂಬುಲೆನ್ಸ್ ಸೇವೆಗಳ ಪ್ಯಾರಾಮೆಡಿಕ್‌ಗಳು 2014ರಿಂದ 2017ರವರೆಗೆ 8,000ಕ್ಕೂ ಹೆಚ್ಚು ಪೇಷಂಟ್‌ಗಳಲ್ಲಿ ಇದನ್ನು ಪರೀಕ್ಷಿಸಿದರು. ಅರ್ಧ ಜನಕ್ಕೆ ಅಡ್ರಿನಾಲಿನ್, ಅರ್ಧ ಜನಕ್ಕೆ ಬರೀ ಉಪ್ಪುನೀರಿನ ದ್ರಾವಣ. ಯಾವ ಸಿರಿಂಜಿನಲ್ಲಿ ಏನಿದೆ ಅಂತ ಕೊಡುವವರಿಗೂ ಗೊತ್ತಿರಲಿಲ್ಲ. ಪ್ಯಾರಾಮೆಡಿಕ್–2 ಅನ್ನುವ ಈ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ನಾಡಿ ಮರಳಿದ್ದು ಅಡ್ರಿನಾಲಿನ್ ಕೊಟ್ಟವರಲ್ಲಿ ಶೇಕಡಾ 36, ಕೊಡದವರಲ್ಲಿ ಶೇಕಡಾ 12ರಷ್ಟು. ಮೂರು ಪಟ್ಟು! ಗಾಡಿಯಲ್ಲಿ ಕೂತವರ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ. ಆದರೆ 30 ದಿನ ಆದ ಮೇಲೆ ಬದುಕಿದ್ದವರು ಶೇಕಡಾ 3.2 ಮತ್ತು 2.4. ಹೀಗೆ ಬದುಕಿ ಆಸ್ಪತ್ರೆಯಿಂದ ಹೊರಬಂದವರಲ್ಲಿ ಮೆದುಳಿಗೆ ತೀವ್ರ ಹಾನಿಯಾದವರು ಅಡ್ರಿನಾಲಿನ್ ಗುಂಪಿನಲ್ಲಿ ಶೇಕಡಾ 31, ಇನ್ನೊಂದರಲ್ಲಿ ಶೇಕಡಾ 18ರಷ್ಟು.

ಹಾಗಂತ ಅಡ್ರಿನಾಲಿನ್ ಬಿಸಾಡಿ ಅಂತ ನಾನು ಹೇಳುತ್ತಿಲ್ಲ. ಮಾರ್ಗಸೂಚಿಗಳೂ ಹೇಳಿಲ್ಲ. ಒಂದು ಜೀವ ಉಳಿದರೂ ಉಳಿದದ್ದೇ. ಆದರೆ ಹೃದಯ ನಿಂತ ಕೇಸ್‌ನಲ್ಲಿ ಎಲ್ಲರ ಗಮನ ಸೂಜಿಯ ಕಡೆ ಹೋಗಿ, ಒತ್ತುವ ಕೈ ನಿಧಾನವಾಗಿದ್ದನ್ನು ನೀವೂ ನೋಡಿರುತ್ತೀರಿ. ಈ ಅಂಕಿಗಳನ್ನು ತಿಳಿದವರು ಆ ತಪ್ಪು ಮಾಡುವುದು ಕಡಿಮೆ. ಮೊದಲು ಒತ್ತುವುದು, ಮೊದಲು ಶಾಕ್.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ಟ್ರಾನೆಕ್ಸಾಮಿಕ್ ಆಸಿಡ್. ಗಾಯದಿಂದ ರಕ್ತ ಹೋಗುತ್ತಿರುವವರಿಗೆ ಕೊಡುತ್ತೇವೆ. ಕೊಟ್ಟ ಮೇಲೆ ಕಣ್ಣಿಗೆ ಏನೂ ಕಾಣುವುದಿಲ್ಲ. ನಾಡಿಯಲ್ಲಿ ವ್ಯತ್ಯಾಸ ಇಲ್ಲ, ಮಾನಿಟರ್ ಸುಮ್ಮನಿರುತ್ತದೆ. 2010ರಲ್ಲಿ ಪ್ರಕಟವಾದ ಕ್ರ್ಯಾಶ್–2 ಅಧ್ಯಯನದಲ್ಲಿ 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳಿದ್ದರು. ಔಷಧಿ ಪಡೆದವರಲ್ಲಿ ಸಾವು ಶೇಕಡಾ 14.5, ಪಡೆಯದವರಲ್ಲಿ ಶೇಕಡಾ 16. ನೂರಕ್ಕೆ ಒಂದೂವರೆ ಜೀವ. ಇಷ್ಟು ಸಣ್ಣ ವ್ಯತ್ಯಾಸವನ್ನು ಒಬ್ಬ ಪ್ಯಾರಾಮೆಡಿಕ್ ತನ್ನ ಇಡೀ ಸೇವಾವಧಿಯಲ್ಲೂ ಕಣ್ಣಿಂದ ಗುರುತಿಸಲಾರ. ಮುಂದೆ ಅದೇ ಅಂಕಿಗಳನ್ನು ಬಿಡಿಸಿ ನೋಡಿದಾಗ, ಗಾಯವಾಗಿ ಮೂರು ಗಂಟೆಯೊಳಗೆ ಕೊಟ್ಟರೆ ಉಪಯೋಗ, ಅದು ದಾಟಿದರೆ ಹಾನಿಯೂ ಆಗಬಹುದು ಅಂತ ಗೊತ್ತಾಯಿತು. ಗಾಯ ಯಾವಾಗ ಆಯಿತು ಅಂತ ಕೇಳಿ ಬರೆಯುವುದು ಎಷ್ಟು ಮುಖ್ಯ ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಆದ್ದರಿಂದ ಹೊಸ ಅಧ್ಯಯನ ಅಂತ ಯಾರಾದರೂ ನಿಮ್ಮ ಮುಂದಿಟ್ಟರೆ ಮೊದಲು ಕೇಳಬೇಕಾದ ಪ್ರಶ್ನೆ: ಇವರು ಅಳೆದದ್ದು ಏನನ್ನು? ಬಿಪಿಯನ್ನಾ, ಆಮ್ಲಜನಕದ ಮಟ್ಟವನ್ನಾ, ಅಥವಾ ಜನ ಬದುಕಿ ಮನೆಗೆ ಹೋದದ್ದನ್ನಾ? ಎದೆನೋವು ಬಂದ ಎಲ್ಲರಿಗೂ ಆಮ್ಲಜನಕದ ಮಾಸ್ಕ್ ಹಾಕುತ್ತಿದ್ದ ಕಾಲ ಇತ್ತು. ಸ್ವೀಡನ್‌ನಲ್ಲಿ 6,600ಕ್ಕೂ ಹೆಚ್ಚು ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಮ್ಲಜನಕದ ಮಟ್ಟ ಶೇಕಡಾ 90 ಅಥವಾ ಜಾಸ್ತಿ ಇದ್ದವರಿಗೆ ಅದರಿಂದ ಒಂದು ವರ್ಷದ ಸಾವಿನ ಪ್ರಮಾಣ ಕಡಿಮೆಯಾಗಲಿಲ್ಲ. ಇಂಥ ಒಂದು ಲೇಖನವನ್ನು ತಿಂಗಳಿಗೊಮ್ಮೆ ನಾಲ್ಕು ಜನ ಕೂತು ಓದಿದರೆ, ಓದುವ ಭಯ ಹೋಗುತ್ತದೆ. ಅಂಕಿಅಂಶದ ಲೆಕ್ಕ ಎಲ್ಲ ಬರಬೇಕು ಅಂತಿಲ್ಲ. ಯಾರನ್ನು ಸೇರಿಸಿದರು, ಯಾರನ್ನು ಬಿಟ್ಟರು, ಏನನ್ನು ಅಳೆದರು, ನಮ್ಮ ಪೇಷಂಟ್‌ಗಳು ಇವರ ಹಾಗೇ ಇದ್ದಾರಾ, ಇಷ್ಟು ಸಾಕು.

ಈಗ ಅಪರೂಪದ ಕೇಸ್‌ಗಳ ಬಗ್ಗೆ. ಹೃದಯ ನಿಂತ ಮಗು, ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡ ಕೂಸು, ಕತ್ತಿನಲ್ಲಿ ತೂತು ಮಾಡಿಯೇ ಉಸಿರು ಕೊಡಬೇಕಾದ ಪೇಷಂಟ್. ಇಲ್ಲಿ ಅನುಭವ ಕೈಕೊಡುತ್ತದೆ, ಯಾಕೆಂದರೆ ಅನುಭವವೇ ಇರುವುದಿಲ್ಲ. ಇವಕ್ಕೆ ದಾರಿ ಅಭ್ಯಾಸ ಒಂದೇ. ಆದರೆ ವರ್ಷಕ್ಕೊಂದು ದಿನದ ತರಬೇತಿ ಸಾಲದು. ಕಲಿತದ್ದು ಹೇಗೆ ಮರೆಯುತ್ತದೆ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿ 1885ರಲ್ಲೇ ತೋರಿಸಿದ. ಮೊದಮೊದಲು ಬಹಳ ಬೇಗ ಮರೆಯುತ್ತೇವೆ, ಆಮೇಲೆ ನಿಧಾನ. ಸಿಪಿಆರ್ ಕೌಶಲವೂ ತರಬೇತಿಯಾದ ಕೆಲವೇ ತಿಂಗಳಲ್ಲಿ ಕುಸಿಯುತ್ತದೆ ಅನ್ನುವುದು ಮತ್ತೆ ಮತ್ತೆ ಕಂಡುಬಂದಿದೆ. ಎರಡು ವರ್ಷಕ್ಕೊಮ್ಮೆ ಸರ್ಟಿಫಿಕೇಟ್ ನವೀಕರಿಸಿದರೆ ನಡುವಿನ ಬಹುಪಾಲು ಸಮಯ ನಾವು ಕಾಗದದ ಮೇಲೆ ಮಾತ್ರ ಸಿದ್ಧ.

ಶಿಫ್ಟ್ ಶುರುವಾಗುವಾಗ ಹತ್ತು ನಿಮಿಷ ತೆಗೆಯಿರಿ. ಒಂದು ದಿನ ಒಂದೇ ವಿಷಯ. ಮಗುವಿನ ಡೋಸ್ ತೆಗೆದುಕೊಳ್ಳಿ. ಹೃದಯ ನಿಂತಾಗ ಅಡ್ರಿನಾಲಿನ್ ಕೆಜಿಗೆ 10 ಮೈಕ್ರೊಗ್ರಾಂ. 12 ಕೆಜಿ ಮಗುವಿಗೆ 120 ಮೈಕ್ರೊಗ್ರಾಂ. ಹತ್ತು ಸಾವಿರಕ್ಕೆ ಒಂದರ ದ್ರಾವಣದಲ್ಲಿ ಒಂದು ಎಂಎಲ್‌ಗೆ 100 ಮೈಕ್ರೊಗ್ರಾಂ ಇರುತ್ತದೆ, ಅಂದರೆ 1.2 ಎಂಎಲ್. ಈಗ ಹೇಳುವಾಗ ಎಷ್ಟು ಸಲೀಸು! ಸಾವಿರಕ್ಕೆ ಒಂದರ ಆಂಪ್ಯೂಲ್ ಕೈಗೆ ಬಂದರೆ ಅದೇ 1.2 ಎಂಎಲ್ ಹತ್ತು ಪಟ್ಟು ಡೋಸ್ ಆಗುತ್ತದೆ. ತಾಯಿ ಪಕ್ಕದಲ್ಲಿ ಕೂಗುತ್ತಿರುವಾಗ, ಗಾಡಿ ಅಲುಗುತ್ತಿರುವಾಗ ಈ ಲೆಕ್ಕ ತಪ್ಪುತ್ತದೆ. ಹಾಗಾಗಿ ಬಾಯಲ್ಲಿ ಹೇಳಿ ಬಿಡಬೇಡಿ. ಅವಧಿ ಮುಗಿದ ಆಂಪ್ಯೂಲ್‌ಗಳನ್ನು 'ತರಬೇತಿಗೆ ಮಾತ್ರ' ಅಂತ ದೊಡ್ಡದಾಗಿ ಬರೆದು ಬೇರೆ ಡಬ್ಬಿಯಲ್ಲಿಟ್ಟುಕೊಳ್ಳಿ. ಸಿರಿಂಜಿಗೆ ನಿಜವಾಗಿ ಎಳೆಯಿರಿ. ಜೊತೆಗಾರರು ಓದಿ ಹೇಳಲಿ: ಔಷಧಿ ಯಾವುದು, ಎಷ್ಟು ಸಾಂದ್ರತೆ, ಎಷ್ಟು ಎಂಎಲ್. ಡೋಸ್ ಪಟ್ಟಿ ನೋಡಿ ಮಾಡುವುದು ಅವಮಾನ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಪಟ್ಟಿಯನ್ನು ಬೇಗ ಹುಡುಕಿ ಸರಿಯಾಗಿ ಓದುವುದೂ ಅಭ್ಯಾಸ ಮಾಡಬೇಕಾದ ಕೌಶಲ.

ಓದುವ ರೀತಿಯ ಬಗ್ಗೆಯೂ ಒಂದು ಮಾತು. ಮಾರ್ಗಸೂಚಿಯನ್ನು ಹಳದಿ ಪೆನ್ನಿನಲ್ಲಿ ಗೆರೆ ಎಳೆದು ಮತ್ತೆ ಮತ್ತೆ ಓದುತ್ತೇವೆ. ಓದಿದ ಕೂಡಲೇ ಎಲ್ಲ ಗೊತ್ತಿದೆ ಅನ್ನಿಸುತ್ತದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ತೋರಿಸಿದ್ದು ಹೀಗೆ: ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರು ಮುಂದೆ, ಒಂದು ವಾರ ಬಿಟ್ಟು ಕೇಳಿದರೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದೆ. ಅದಕ್ಕೇ ಕರೆ ಇಲ್ಲದ ಹೊತ್ತಿನಲ್ಲಿ ಒಬ್ಬರನ್ನೊಬ್ಬರು ಕೇಳಿ. ಉತ್ತರ ಬರದೆ ತಡವರಿಸಿದರೆ ಒಳ್ಳೆಯದೇ, ಆಮೇಲೆ ಸಿಕ್ಕ ಉತ್ತರ ಉಳಿಯುತ್ತದೆ. ಇನ್ನು ತರಬೇತಿಗಳಲ್ಲಿ 'ಓದಿದ್ದರಲ್ಲಿ ಶೇಕಡಾ ಹತ್ತು ನೆನಪಿರುತ್ತದೆ, ಮಾಡಿದ್ದರಲ್ಲಿ ಶೇಕಡಾ ತೊಂಬತ್ತು' ಅನ್ನುವ ಚಿತ್ರ ತೋರಿಸುತ್ತಾರಲ್ಲ, ಅದನ್ನು ನಂಬಬೇಡಿ. ಅದಕ್ಕೆ ಮೂಲ ಅಂತ ಹೇಳುವ, ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ಅವರ 1946ರ ಚಿತ್ರದಲ್ಲಿ ಅಂಕಿಗಳೇ ಇರಲಿಲ್ಲ.

ಗಂಟೆಗಳ ಲೆಕ್ಕಕ್ಕೆ ಬರುತ್ತೇನೆ. ಇದರ ಬಗ್ಗೆ ಯಾವಾಗಲೂ ಕೇಳುತ್ತಾರೆ. ಆಸ್ಟ್ರೇಲಿಯಾದಲ್ಲಿ 2018ರ ಡಿಸೆಂಬರ್‌ನಿಂದ ಪ್ಯಾರಾಮೆಡಿಕ್‌ಗಳಿಗೆ ರಾಷ್ಟ್ರಮಟ್ಟದ ನೋಂದಣಿ ಇದೆ. ಅಲ್ಲಿ ವರ್ಷಕ್ಕೆ ಕನಿಷ್ಠ 30 ಗಂಟೆ ಕಲಿಕೆ ತೋರಿಸಬೇಕು. ಅದರಲ್ಲಿ ಕನಿಷ್ಠ 8 ಗಂಟೆ ಬೇರೆ ವೃತ್ತಿಪರರ ಜೊತೆ ಕೂತು ಆಗಿರಬೇಕು. ಅಮೆರಿಕದ ರಾಷ್ಟ್ರೀಯ ನೋಂದಣಿಯಲ್ಲಿ ಪ್ಯಾರಾಮೆಡಿಕ್‌ಗಳಿಗೆ ಎರಡು ವರ್ಷಕ್ಕೆ 60 ಗಂಟೆ. ಬ್ರಿಟನ್ ಬೇರೆ ದಾರಿ ಹಿಡಿದಿದೆ. ಅಲ್ಲಿ ಗಂಟೆಗಳ ನಿಗದಿ ಇಲ್ಲ. ಎರಡು ವರ್ಷಕ್ಕೊಮ್ಮೆ ನವೀಕರಣದ ಹೊತ್ತಿಗೆ ನೂರಕ್ಕೆ ಎರಡೂವರೆ ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ, 'ನೀವು ಕಲಿತದ್ದರಿಂದ ನಿಮ್ಮ ಕೆಲಸ ಹೇಗೆ ಸುಧಾರಿಸಿತು, ಪೇಷಂಟ್‌ಗಳಿಗೆ ಏನು ಒಳ್ಳೆಯದಾಯಿತು, ತೋರಿಸಿ' ಅಂತ ಕೇಳುತ್ತಾರೆ.

ನನಗೆ ಬ್ರಿಟನ್‌ನ ಪ್ರಶ್ನೆ ಇಷ್ಟ, ಆಸ್ಟ್ರೇಲಿಯಾದ ಎಂಟು ಗಂಟೆಯೂ ಇಷ್ಟ. ಗಂಟೆ ಅಳೆಯುವುದು ಸುಲಭ, ಆದರೆ ಅದು ಕೂತದ್ದನ್ನು ಅಳೆಯುತ್ತದೆ. ಇನ್ನೊಬ್ಬರ ಜೊತೆ ಕೂತಾಗ ಮಾತ್ರ 'ನೀನು ಯಾಕೆ ಹಾಗೆ ಮಾಡಿದೆ' ಅನ್ನುವ ಪ್ರಶ್ನೆ ಎದುರಾಗುತ್ತದೆ.

ದಾಖಲೆ ಬರೆಯುವುದು ಅಂದರೆ ಎಲ್ಲರಿಗೂ ಬೇಸರ. ಯಾಕೆಂದರೆ ನಾವು ಬರೆಯುವುದು ಹೀಗೆ: 'ಎದೆನೋವಿನ ಕೇಸ್. ಇಸಿಜಿ ತೆಗೆದೆ. ಆಸ್ಪತ್ರೆಗೆ ತಲುಪಿಸಿದೆ. ಇಸಿಜಿ ಬಗ್ಗೆ ಇನ್ನಷ್ಟು ಓದಬೇಕು ಅನ್ನಿಸಿತು.' ಇದನ್ನು ಬರೆದೂ ಪ್ರಯೋಜನ ಇಲ್ಲ, ಓದಿಯೂ ಪ್ರಯೋಜನ ಇಲ್ಲ. ಆದದ್ದನ್ನು ಹಿಂದಿರುಗಿ ನೋಡಿ ಕಲಿಯಲು ಶಿಕ್ಷಣತಜ್ಞ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತಗಳ ಚಕ್ರ ನಿಮಗೆ ಗೊತ್ತಿರಬಹುದು. ಏನಾಯಿತು, ಏನನ್ನಿಸಿತು ಅನ್ನುವ ಎರಡು ಹಂತದಲ್ಲೇ ಬಹಳ ಜನ ನಿಂತುಬಿಡುತ್ತಾರೆ. ಕೊನೆಯ ಹಂತವೇ ಮುಖ್ಯ: ಮುಂದೆ ಏನು ಮಾಡುತ್ತೀರಿ? ನಾನು ಮಾದರಿಗೆ ಅಂತ ಬರೆದುಕೊಂಡು ಬಂದಿರುವ ಇನ್ನೊಂದು ಟಿಪ್ಪಣಿ ಓದುತ್ತೇನೆ, ಕೇಳಿ. ಅದರಲ್ಲಿ ಬರುವ ವಿ1, ವಿ7 ಎಲ್ಲ ಇಸಿಜಿಗೆ ಮೈಮೇಲೆ ಅಂಟಿಸುವ ಲೀಡ್‌ಗಳ ಹೆಸರು, ಎಸ್‌ಟಿ ಅಂದರೆ ಇಸಿಜಿ ಗೆರೆಯ ಒಂದು ಭಾಗ.

'ಎದೆನೋವು. ಇಸಿಜಿಯಲ್ಲಿ ವಿ1ರಿಂದ ವಿ3ರವರೆಗೆ ಎಸ್‌ಟಿ ಇಳಿದಿತ್ತು. ಬರೀ ರಕ್ತದ ಹರಿವು ಕಡಿಮೆಯಾಗಿದೆ ಅಂದುಕೊಂಡೆವು, ತುರ್ತು ಸೂಚನೆ ಕೊಡಲಿಲ್ಲ. ಆಸ್ಪತ್ರೆಯಿಂದ ಬಂದ ಉತ್ತರ: ಹೃದಯದ ಹಿಂಭಾಗದ ಹೃದಯಾಘಾತ, ರಕ್ತನಾಳ ಪೂರ್ತಿ ಮುಚ್ಚಿತ್ತು. ಬೆನ್ನಿನ ಮೇಲೆ ವಿ7ರಿಂದ ವಿ9 ಲೀಡ್ ಹಾಕಿದ್ದರೆ ಎಸ್‌ಟಿ ಏರಿದ್ದು ಕಾಣುವ ಸಾಧ್ಯತೆ ಇತ್ತು. ಮುಂದೆ: ವಿ1–ವಿ3ರಲ್ಲಿ ಎಸ್‌ಟಿ ಇಳಿದಿದ್ದರೆ ಬೆನ್ನಿನ ಲೀಡ್ ಹಾಕುವುದು. ಲೀಡ್ ಹಾಕುವ ಜಾಗವನ್ನು ಈ ವಾರ ಜೊತೆಗಾರರ ಮೇಲೆ ಅಭ್ಯಾಸ ಮಾಡುವುದು. ಮೂರು ತಿಂಗಳು ಬಿಟ್ಟು, ಇಂಥ ಎಷ್ಟು ಇಸಿಜಿಗಳಲ್ಲಿ ಹಾಕಿದೆವು ಅಂತ ನೋಡುವುದು.'

ಇದರಲ್ಲಿ ಪೇಷಂಟ್‌ನ ಗುರುತು ಇಲ್ಲ. ಪಶ್ಚಾತ್ತಾಪದ ದೊಡ್ಡ ಮಾತುಗಳಿಲ್ಲ. ಹತ್ತು ಸಾಲಿಗಿಂತ ಜಾಸ್ತಿ ಇಲ್ಲ. ಬರೆದವರ ಕೈ ಮುಂದಿನ ಕೇಸ್‌ನಲ್ಲಿ ಏನು ಮಾಡುತ್ತದೆ ಅನ್ನುವುದು ಇದೆ.

ಇಂಥ ಟಿಪ್ಪಣಿ ಬರೆಯಬೇಕಾದರೆ ಬರೆದವರಿಗೆ ಶಿಕ್ಷೆ ಆಗುವುದಿಲ್ಲ ಅನ್ನುವ ಭರವಸೆ ಬೇಕು. ಇಲ್ಲಿ ಮೇಲ್ವಿಚಾರಕರೂ ಕೂತಿದ್ದೀರಿ. ನಿಮಗೆ ನೇರವಾಗಿ ಹೇಳುತ್ತೇನೆ. ಕಲಿಕೆಯ ಟಿಪ್ಪಣಿಯನ್ನು ವಿಚಾರಣೆಯ ಕಡತಕ್ಕೆ ಒಮ್ಮೆ ಸೇರಿಸಿದರೆ, ಆಮೇಲೆ ನಿಮಗೆ ಸಿಗುವುದು 'ಇಸಿಜಿ ಬಗ್ಗೆ ಇನ್ನಷ್ಟು ಓದಬೇಕು ಅನ್ನಿಸಿತು' ಅನ್ನುವ ಸಾಲುಗಳು ಮಾತ್ರ. ಎರಡನ್ನೂ ಬೇರೆ ಇಡಿ. ಮತ್ತೆ, ಕಲಿಕೆಗೆ ಶಿಫ್ಟ್‌ನೊಳಗೇ ಸಮಯ ಕೊಡಿ. ರಾತ್ರಿ ಪಾಳಿ ಮುಗಿಸಿ ಬಂದವರನ್ನು ಬೆಳಗ್ಗೆ ತರಗತಿಯಲ್ಲಿ ಕೂರಿಸಿದರೆ ಹಾಜರಿ ಸಿಗುತ್ತದೆ, ಕಲಿಕೆ ಸಿಗುವುದಿಲ್ಲ. ದೊಡ್ಡ ಕೇಸ್ ಆದ ಮೇಲೆ ತಂಡಕ್ಕೆ ಹತ್ತು ನಿಮಿಷ ಬಿಡುವು ಕೊಡಿ. ಗಾಡಿ ಓಡಿಸಿದವರೂ ಆ ಮಾತುಕತೆಯಲ್ಲಿರಲಿ, ಎಷ್ಟೋ ಸಲ ಅವರು ನೋಡಿದ್ದನ್ನು ಬೇರೆ ಯಾರೂ ನೋಡಿರುವುದಿಲ್ಲ. ಏನು ಚೆನ್ನಾಗಿ ಆಯಿತು, ಎಲ್ಲಿ ತಡವಾಯಿತು, ಯಾವ ಸಾಮಾನು ಸಿಗಲಿಲ್ಲ, ಇಷ್ಟೇ ಕೇಳಿ. ಮನಸ್ಸಿಗೆ ಭಾರವಾದ ಕೇಸ್ ಆಗಿದ್ದರೆ ಆ ಹೊತ್ತಿಗೆ ತಪ್ಪು ಹುಡುಕುವುದು ಬೇಡ. ಮೊದಲು ಜನರನ್ನು ನೋಡಿಕೊಳ್ಳಿ, ಕೇಸ್ ವಿಮರ್ಶೆ ಇನ್ನೊಂದು ದಿನ.

ಹಿರಿಯರಿಗೂ ಒಂದು ವಿನಂತಿ. ಹೊಸಬರು 'ಈಗ ಹಾಗೆ ಮಾಡುವುದಿಲ್ಲವಂತೆ' ಅಂದಾಗ ಸಿಟ್ಟಾಗಬೇಡಿ. ಬೆನ್ನುಮೂಳೆ ಅಲುಗದಿರಲಿ ಅಂತ ಉದ್ದ ಹಲಗೆಗೆ ಎಲ್ಲರನ್ನೂ ಬಿಗಿದು ಕಟ್ಟುತ್ತಿದ್ದ ಪದ್ಧತಿ ಹೋಯಿತು. ಸಿಪಿಆರ್‌ನ 15:2 (15 ಸಲ ಒತ್ತಿ 2 ಸಲ ಉಸಿರು ಕೊಡುವುದು) ಅನ್ನುವುದು 2005ರಲ್ಲಿ ದೊಡ್ಡವರಿಗೆ 30:2 ಆಯಿತು. ನೀವು ಕಲಿತಾಗ ಅದು ಸರಿಯೇ ಇತ್ತು. 'ಎಲ್ಲಿ ಓದಿದೆ, ತೋರಿಸು, ಇಬ್ಬರೂ ನೋಡೋಣ' ಅಂತ ಹೇಳುವ ಹಿರಿಯರು ಇರುವ ಕಡೆ ಹೊಸಬರು ಬಾಯಿ ಬಿಡುತ್ತಾರೆ.

ಇನ್ನು ಮಾತು ಸಾಕು. ಹಿಂದಿನ ಕೋಣೆಯಲ್ಲಿ ನಾಲ್ಕು ಮೇಜುಗಳಿವೆ. ಮೊದಲನೆಯದರಲ್ಲಿ ಮಕ್ಕಳ ಡೋಸ್, ಸಿರಿಂಜ್‌ಗಳೂ ಪಟ್ಟಿಯೂ ಇವೆ. ಎರಡನೆಯದರಲ್ಲಿ ಕ್ಯಾಪ್ನೋಗ್ರಫಿಯ ಗೆರೆಗಳು. ಮೂರನೆಯದರಲ್ಲಿ ಬೆನ್ನಿನ ಲೀಡ್ ಹಾಕುವ ಅಭ್ಯಾಸ. ನಾಲ್ಕನೆಯದರಲ್ಲಿ ಹನ್ನೆರಡು ಲಕೋಟೆಗಳಿವೆ. ಹೊರಗೆ ಕೇಸ್ ವಿವರ, ಒಳಗೆ ಕೊನೆಗೆ ಗೊತ್ತಾದ ಕಾಯಿಲೆ. ಲಕೋಟೆ ತೆಗೆಯುವ ಮೊದಲು ನಿಮ್ಮ ಊಹೆಯನ್ನು ಹಾಳೆಯಲ್ಲಿ ಬರೆಯಿರಿ, ನೂರಕ್ಕೆ ಎಷ್ಟು ಖಾತ್ರಿ ಅನ್ನುವುದನ್ನೂ ಸೇರಿಸಿ. ಹೆಸರು ಬರೆಯಬೇಕಿಲ್ಲ. ಊಟದ ನಂತರ ಎಲ್ಲ ಹಾಳೆಗಳನ್ನೂ ಒಟ್ಟಿಗೆ ನೋಡೋಣ.